ಓಡುವ ಮೋಟರ್ ಮೇಲೆ ನಾಣ್ಯ ನಿಂತರೆ ಮೆಷಿನ್ ಚೆನ್ನಾಗಿದೆ ಎಂದರ್ಥವೇ?

ವಾಟ್ಸಾಪ್‌ನಲ್ಲಿ ಒಂದು ಬಗೆಯ ವಿಡಿಯೋ ಆಗಾಗ ಸುತ್ತು ಹಾಕುತ್ತಿರುತ್ತದೆ. ದೊಡ್ಡದೊಂದು ಮೋಟರ್ ಅಥವಾ ಎಂಜಿನ್ ಓಡುತ್ತಿದೆ. ಯಾರೋ ಒಬ್ಬರು ಅದರ ಮೇಲೆ ನಾಣ್ಯವನ್ನು ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸುತ್ತಾರೆ. ನಾಣ್ಯ ಬೀಳುವುದಿಲ್ಲ. ಕೆಳಗೆ ಬರಹ: "ನಾಣ್ಯ ನಿಂತರೆ ಮೆಷಿನ್ ನೂರಕ್ಕೆ ನೂರು ಫಿಟ್. ಮೆಕ್ಯಾನಿಕ್‌ಗೆ ದುಡ್ಡು ಕೊಡಬೇಡಿ, ನೀವೇ ಪರೀಕ್ಷೆ ಮಾಡಿ. ಎಲ್ಲರಿಗೂ ಕಳಿಸಿ."

ಹಿಟ್ಟಿನ ಗಿರಣಿ, ಅಕ್ಕಿ ಮಿಲ್ಲು, ಚಿಕ್ಕ ವರ್ಕ್‌ಶಾಪ್ ನಡೆಸುವವರು, ತೋಟಕ್ಕೆ ಪಂಪ್ ಇಟ್ಟವರು, ಕಾರ್ಖಾನೆಯಲ್ಲಿ ಮೆಷಿನ್ ಪಕ್ಕದಲ್ಲೇ ದಿನ ಕಳೆಯುವವರು ಇಂಥದ್ದನ್ನು ನೋಡಿದರೆ ನಂಬುವುದು ಸಹಜ. ಕಣ್ಣೆದುರೇ ನಾಣ್ಯ ನಿಂತಿದೆಯಲ್ಲ!

ಹಾಗಾದರೆ ಇದು ನಿಜವೇ? ಅರ್ಧ ಮಾತ್ರ ನಿಜ. ಉಳಿದ ಅರ್ಧವನ್ನು ನಂಬಿದರೆ ಮೋಟರ್ ಸುಟ್ಟುಹೋಗಬಹುದು, ಕೆಲವೊಮ್ಮೆ ಜೀವಕ್ಕೇ ಅಪಾಯ ಬರಬಹುದು. ಮೆಷಿನ್‌ನ ನಡುಕವನ್ನು ಅಳೆದು ಅದರ ಆರೋಗ್ಯ ತಿಳಿಯುವ ವಿದ್ಯೆ ನಿಜವಾಗಿಯೂ ಇದೆ. ಅದು ಹೇಗೆ ಕೆಲಸ ಮಾಡುತ್ತದೆ, ನಾಣ್ಯದಿಂದ ಏನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ, ನಿಮ್ಮ ಫೋನ್‌ನಲ್ಲಿರುವ ಆ್ಯಪ್ ಇದಕ್ಕೆ ಸಾಕೇ? ಒಂದೊಂದಾಗಿ ನೋಡೋಣ.

ಎಲ್ಲ ಮೆಷಿನ್‌ಗಳೂ ನಡುಗುತ್ತವೆ

ಮೊದಲ ವಿಷಯ: ಸ್ವಲ್ಪವೂ ನಡುಗದ ಮೆಷಿನ್ ಜಗತ್ತಿನಲ್ಲಿ ಇಲ್ಲ. ತಿರುಗುವ ಯಾವ ವಸ್ತುವನ್ನೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮತೂಕದಲ್ಲಿ ಮಾಡಲು ಆಗುವುದಿಲ್ಲ. ಒಂದು ಕಡೆ ಎಳ್ಳಷ್ಟು ತೂಕ ಹೆಚ್ಚಿದ್ದರೂ ತಿರುಗುವಾಗ ಆ ಕಡೆಗೆ ಎಳೆತ ಉಂಟಾಗುತ್ತದೆ.

ಈ ಎಳೆತ ಎಷ್ಟು? ಒಂದು ಲೆಕ್ಕ ಮಾಡಿ ನೋಡೋಣ. ನಿಮಿಷಕ್ಕೆ 1440 ಸುತ್ತು ತಿರುಗುವ ಒಂದು ಫ್ಯಾನ್ ಇದೆ ಎಂದುಕೊಳ್ಳಿ. ಅದರ ಒಂದು ರೆಕ್ಕೆಯ ಮೇಲೆ, ನಡುವಿನಿಂದ 30 ಸೆಂಟಿಮೀಟರ್ ದೂರದಲ್ಲಿ, ಬರೀ 10 ಗ್ರಾಂ ಧೂಳು ಗಟ್ಟಿಯಾಗಿ ಕೂತಿದೆ. ಆ 10 ಗ್ರಾಂ ಧೂಳು ಶಾಫ್ಟನ್ನು ಸುಮಾರು 7 ಕಿಲೋ ತೂಕದಷ್ಟು ಬಲದಿಂದ ಎಳೆಯುತ್ತದೆ. ಅದೂ ಒಂದೇ ದಿಕ್ಕಿಗಲ್ಲ, ಸೆಕೆಂಡಿಗೆ 24 ಬಾರಿ ಸುತ್ತುತ್ತಾ ಎಲ್ಲ ದಿಕ್ಕಿಗೂ. ವೇಗ ಎರಡರಷ್ಟಾಗಿ 2880 ಸುತ್ತಾದರೆ ಎಳೆತ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಅಂದರೆ ಸುಮಾರು 28 ಕಿಲೋ.

ಈ ಹೊಡೆತವನ್ನೆಲ್ಲ ತಿನ್ನುವುದು ಬೇರಿಂಗ್. ಬಾಲ್ ಬೇರಿಂಗ್‌ಗಳಿಗೆ ಒಂದು ನಿಯಮವಿದೆ: ಅದರ ಮೇಲಿನ ಭಾರ ಎರಡರಷ್ಟಾದರೆ ಆಯುಷ್ಯ ಅರ್ಧವಾಗುವುದಿಲ್ಲ, ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. "ಮೊನ್ನೆ ತಾನೇ ಹೊಸ ಬೇರಿಂಗ್ ಹಾಕಿಸಿದ್ದೆ, ಆಗಲೇ ಹೋಯ್ತು" ಎಂದು ಬೈದುಕೊಳ್ಳುವವರು ಇದನ್ನು ನೆನಪಿಡಬೇಕು. ಎಷ್ಟೋ ಸಲ ತಪ್ಪು ಬೇರಿಂಗ್‌ನದ್ದಲ್ಲ. ಅದಕ್ಕೆ ಹೊಡೆತ ಕೊಡುತ್ತಿರುವ ಮೂಲ ಕಾರಣವನ್ನು ಯಾರೂ ಹುಡುಕಿರುವುದಿಲ್ಲ.

ಆದ್ದರಿಂದ "ಮೆಷಿನ್ ನಡುಗುತ್ತಿದೆಯೇ?" ಎಂದು ಕೇಳುವುದರಿಂದ ಪ್ರಯೋಜನವಿಲ್ಲ. ಎಷ್ಟು ನಡುಗುತ್ತಿದೆ, ಯಾವ ಲಯದಲ್ಲಿ ನಡುಗುತ್ತಿದೆ, ಕಳೆದ ತಿಂಗಳಿಗಿಂತ ಹೆಚ್ಚಾಗಿದೆಯೇ? ಈ ಮೂರನ್ನು ಕೇಳಬೇಕು.

ನಾಣ್ಯಕ್ಕೆ ಏನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ

ನಾಣ್ಯ ನಿಂತರೆ ಒಂದು ಮಾತು ನಿಜ: ಆ ಕ್ಷಣದಲ್ಲಿ, ಆ ಜಾಗದಲ್ಲಿ, ಮೆಷಿನ್ ಜೋರಾಗಿ ಅಲುಗಾಡುತ್ತಿಲ್ಲ. ಅಷ್ಟರ ಮಟ್ಟಿಗೆ ಅದು ಒಳ್ಳೆಯ ಲಕ್ಷಣವೇ. ಆದರೆ ನಾಣ್ಯ ಬೀಳುವುದು ಮೇಲ್ಮೈ ಸಾಕಷ್ಟು ದೂರ ಹಿಂದೆ ಮುಂದೆ ಸರಿದಾಗ ಮಾತ್ರ. ಬೇರಿಂಗ್ ಕೆಡಲು ಶುರುವಾದಾಗ ಆಗುವ ನಡುಕ ಈ ಜಾತಿಯದ್ದೇ ಅಲ್ಲ.

ಬೇರಿಂಗ್‌ನ ಒಳಗೆ ಸಾಸಿವೆ ಕಾಳಿಗಿಂತ ಚಿಕ್ಕ ಗುಳಿ ಬಿದ್ದಿದೆ ಎನ್ನಿ. ಗುಂಡು ಅದರ ಮೇಲೆ ಹಾಯುವಾಗಲೆಲ್ಲ 'ಟಿಕ್' ಎಂದು ಚಿಕ್ಕ ಪೆಟ್ಟು ಬೀಳುತ್ತದೆ. ಆ ಪೆಟ್ಟಿಗೆ ಲೋಹ ಸೆಕೆಂಡಿಗೆ ಸಾವಿರಾರು ಬಾರಿ ಝೇಂಕರಿಸುತ್ತದೆ, ಗಂಟೆಗೆ ಚಿಕ್ಕ ಕಡ್ಡಿಯಿಂದ ತಟ್ಟಿದ ಹಾಗೆ. ಈ ಝೇಂಕಾರದಲ್ಲಿ ಲೋಹ ಸರಿಯುವ ದೂರ ತೀರಾ ಕಡಿಮೆ. ಸೆಕೆಂಡಿಗೆ 1000 ಬಾರಿ ಆಗುವ ನಡುಕದ ವೇಗ ಸೆಕೆಂಡಿಗೆ 1 ಮಿಲಿಮೀಟರ್ ಇದ್ದರೆ, ಮೇಲ್ಮೈ ಸರಿಯುವುದು ಮಿಲಿಮೀಟರಿನ ಸುಮಾರು ಐದು ಸಾವಿರದ ಒಂದು ಭಾಗ ಮಾತ್ರ. ನಾಣ್ಯಕ್ಕೆ ಇದು ತಿಳಿಯುವುದೇ ಇಲ್ಲ. ನಿಮ್ಮ ಕೈಗೂ ತಿಳಿಯುವುದಿಲ್ಲ. ಆದರೆ ಆ ಜಾಗದಲ್ಲಿ ಸೆನ್ಸರ್ ಇಟ್ಟರೆ ಅದು ಚೆನ್ನಾಗಿಯೇ ಹಿಡಿಯುತ್ತದೆ.

ಅಂದರೆ ನಾಣ್ಯ ಬೀಳುವಷ್ಟು ಕೆಟ್ಟ ಹೊತ್ತಿಗೆ ಬೇರಿಂಗ್‌ನ ಕಥೆ ಮುಗಿಯುತ್ತಾ ಬಂದಿರುತ್ತದೆ. ಕೆಡುವ ಮೆಷಿನ್ ಸಾಮಾನ್ಯವಾಗಿ ಈ ಕ್ರಮದಲ್ಲಿ ಸುಳಿವು ಕೊಡುತ್ತದೆ: ಮೊದಲು ಕಿವಿಗೆ ಕೇಳದಷ್ಟು ಎತ್ತರದ ಸದ್ದು, ಆಮೇಲೆ ಸೆನ್ಸರ್‌ಗೆ ಸಿಗುವ ಕಂಪನ, ಆಮೇಲೆ ಕಿವಿಗೆ ಕೇಳುವ ಸದ್ದು, ಆಮೇಲೆ ಮುಟ್ಟಿದರೆ ಬಿಸಿ, ಕೊನೆಗೆ ಹೊಗೆ. ಬಹಳ ಜನ ಎಚ್ಚೆತ್ತುಕೊಳ್ಳುವುದು ಕೊನೆಯ ಎರಡು ಹಂತಗಳಲ್ಲಿ. ಕಂಪನ ಅಳೆಯುವವರಿಗೆ ಅದಕ್ಕಿಂತ ವಾರಗಳು, ಕೆಲವೊಮ್ಮೆ ತಿಂಗಳುಗಳ ಮೊದಲೇ ಗೊತ್ತಾಗುತ್ತದೆ. ಸುಗ್ಗಿಯ ನಡುವೆ ಮಿಲ್ಲು ನಿಲ್ಲುವುದಕ್ಕೂ, ಬಿಡುವಿನ ದಿನ ನೋಡಿ ಬೇರಿಂಗ್ ಬದಲಿಸುವುದಕ್ಕೂ ಇರುವ ವ್ಯತ್ಯಾಸ ಇದೇ.

ನಡುಕದ ಲಯದಲ್ಲಿ ರೋಗದ ಹೆಸರು

ಹಳೆಯ ಫಿಟ್ಟರ್‌ಗಳು ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಬೇರಿಂಗ್ ಕವಚಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು ಕೇಳುವುದನ್ನು ನೀವು ನೋಡಿರಬಹುದು. ಅದು ಮೂಢನಂಬಿಕೆಯಲ್ಲ. ಡಾಕ್ಟರ್ ಸ್ಟೆತಸ್ಕೋಪ್ ಇಟ್ಟ ಹಾಗೆಯೇ ಅದು. ಅನುಭವ ಇರುವವರ ಕಿವಿ ಬಹಳ ಹೇಳುತ್ತದೆ. ಕಂಪನ ಮಾಪನವೂ ಅದನ್ನೇ ಮಾಡುತ್ತದೆ. ಕಿವಿಯ ಬದಲು ಸೆನ್ಸರ್, ನೆನಪಿನ ಬದಲು ದಾಖಲೆ.

ಸೆನ್ಸರ್‌ಗೆ ಸಿಗುವುದು ಎಲ್ಲ ನಡುಕಗಳೂ ಕಲಸಿಹೋದ ಒಂದು ಅಲೆ. ಜಾತ್ರೆಯಲ್ಲಿ ನಾದಸ್ವರ, ಡೋಲು, ತಾಳ ಎಲ್ಲ ಒಟ್ಟಿಗೆ ಕೇಳಿದರೂ ನಮ್ಮ ಕಿವಿ ಯಾವುದು ಯಾವುದೆಂದು ಬೇರೆ ಮಾಡುತ್ತದಲ್ಲ, ಹಾಗೆ ಈ ಅಲೆಯನ್ನೂ ಬಿಡಿಸಬಹುದು. ಎಂಥ ಅಲೆಯನ್ನಾದರೂ ಸರಳ ಅಲೆಗಳಾಗಿ ಬಿಡಿಸಬಹುದು ಎಂಬ ಗಣಿತವನ್ನು ಕೊಟ್ಟವರು ಫ್ರಾನ್ಸಿನ ಜೋಸೆಫ್ ಫೂರಿಯರ್. ಅದನ್ನು ಕಂಪ್ಯೂಟರ್‌ನಲ್ಲಿ ಬೇಗನೆ ಲೆಕ್ಕ ಮಾಡುವ ವಿಧಾನ ಹೆಚ್ಚು ಬಳಕೆಗೆ ಬಂದದ್ದು 1965ರಲ್ಲಿ ಕೂಲಿ ಮತ್ತು ಟುಕಿ ಎಂಬಿಬ್ಬರು ಅದನ್ನು ಪ್ರಕಟಿಸಿದ ಮೇಲೆ. ಇಂದು ಅಂಗೈಯಲ್ಲಿ ಹಿಡಿಯುವ ಉಪಕರಣವೂ ಕ್ಷಣದಲ್ಲಿ ಈ ಲೆಕ್ಕ ಮಾಡುತ್ತದೆ.

ನಮ್ಮಲ್ಲಿ ಹೆಚ್ಚಾಗಿ ಕಾಣುವ 1440 ಆರ್‌ಪಿಎಂ ಮೋಟರನ್ನೇ ತೆಗೆದುಕೊಳ್ಳೋಣ. ಅದು ಸೆಕೆಂಡಿಗೆ 24 ಸುತ್ತು ತಿರುಗುತ್ತದೆ. ಅಂದರೆ 24 ಹರ್ಟ್ಜ್. ಈಗ ಲಯಗಳನ್ನು ನೋಡಿ.

ಒಂದು ಸುತ್ತಿಗೆ ಒಂದೇ ಹೊಡೆತ, ಅಂದರೆ 24 ಹರ್ಟ್ಜ್‌ನಲ್ಲಿ ನಡುಕ ಹೆಚ್ಚಿದ್ದರೆ ಮೊದಲ ಅನುಮಾನ ತೂಕದ ಅಸಮತೋಲನದ ಮೇಲೆ. ಫ್ಯಾನ್ ರೆಕ್ಕೆಯ ಮೇಲೆ ಧೂಳು, ಮುರಿದ ಇಂಪೆಲ್ಲರ್, ಸವೆದ ಪುಲ್ಲಿ.

ಒಂದು ಸುತ್ತಿಗೆ ಎರಡು ಹೊಡೆತ, ಅಂದರೆ 48 ಹರ್ಟ್ಜ್ ಕೂಡ ಎದ್ದು ಕಂಡರೆ, ಜೊತೆಗೆ ಶಾಫ್ಟಿನ ಉದ್ದಕ್ಕೂ ಹಿಂದೆ ಮುಂದೆ ತಳ್ಳುವ ನಡುಕ ಇದ್ದರೆ, ಮೋಟರ್ ಮತ್ತು ಪಂಪಿನ ಶಾಫ್ಟ್‌ಗಳು ಒಂದೇ ಗೆರೆಯಲ್ಲಿ ಇಲ್ಲದಿರಬಹುದು. ಕಪ್ಲಿಂಗ್ ಜೋಡಿಸಿದಾಗ ಅಲೈನ್‌ಮೆಂಟ್ ತಪ್ಪಿದೆ ಎಂದು ಅನುಮಾನಿಸಬೇಕು.

24, 48, 72, 96 ಹೀಗೆ ಸಾಲು ಸಾಲಾಗಿ ಬಂದರೆ ಏನೋ ಸಡಿಲವಾಗಿದೆ. ಪಾಯದ ಬೋಲ್ಟ್ ಇರಬಹುದು, ಬೇರಿಂಗ್ ಕೂರುವ ಮನೆ ಇರಬಹುದು.

ಹಲ್ಲಿನ ಚಕ್ರ, ಅಂದರೆ ಗೇರ್ ಇದ್ದರೆ ಹಲ್ಲುಗಳ ಸಂಖ್ಯೆಯನ್ನು ಸುತ್ತಿನಿಂದ ಗುಣಿಸಿ. 20 ಹಲ್ಲಿದ್ದರೆ 480 ಹರ್ಟ್ಜ್. ಅಲ್ಲಿ ಮತ್ತು ಅದರ ಆಚೀಚೆ ಹೊಸ ಗೆರೆಗಳು ಎದ್ದರೆ ಹಲ್ಲು ನೋಡಬೇಕು.

ಬೇರಿಂಗ್‌ನ ಗುರುತು ಇನ್ನೂ ಸ್ವಾರಸ್ಯ. 8 ಗುಂಡುಗಳ ಬೇರಿಂಗ್‌ನ ಹೊರ ಬಳೆಯಲ್ಲಿ ಗುಳಿ ಬಿದ್ದರೆ ಒಂದು ಸುತ್ತಿಗೆ ಸುಮಾರು 3.2 ಪೆಟ್ಟು, ಅಂದರೆ ಸುಮಾರು 77 ಹರ್ಟ್ಜ್. ಒಳ ಬಳೆಯಲ್ಲಿ ಬಿದ್ದರೆ ಸುಮಾರು 4.8 ಪೆಟ್ಟು, ಅಂದರೆ ಸುಮಾರು 115 ಹರ್ಟ್ಜ್. ಇವು ಸುತ್ತಿನ ಪೂರ್ಣ ಪಟ್ಟುಗಳಲ್ಲ, ದಶಾಂಶದ ಪಟ್ಟುಗಳು. ಉಳಿದ ಯಾವ ದೋಷವೂ ಸಾಮಾನ್ಯವಾಗಿ ಇಂಥ ಲಯ ಕೊಡುವುದಿಲ್ಲ. ಹಾಗಾಗಿ ಮೋಟರ್ ಬಿಚ್ಚದೆಯೇ "ಒಳ ಬಳೆ ಹೋಗಿದೆ" ಎಂದು ಹೇಳುವುದು ಜಾದೂ ಅಲ್ಲ, ಲೆಕ್ಕ.

ಇನ್ನೊಂದು ಉಪಾಯ ಕೇಳಿ. ನಮ್ಮ ಕರೆಂಟ್ 50 ಹರ್ಟ್ಜ್. ಮೋಟರ್‌ನ ಒಳಗೆ ವಿದ್ಯುತ್ತಿನ ಕಡೆಯ ದೋಷ ಇದ್ದರೆ ಸಾಮಾನ್ಯವಾಗಿ 100 ಹರ್ಟ್ಜ್‌ನಲ್ಲಿ ಗುಂಯ್‌ಗುಡುತ್ತದೆ. ಸ್ವಿಚ್ ಆಫ್ ಮಾಡಿದ ಕೂಡಲೇ ಆ ನಡುಕ ಮಾಯವಾದರೆ ಕಾರಣ ವಿದ್ಯುತ್ತು. ಮೋಟರ್ ನಿಧಾನವಾಗುತ್ತಾ ಹೋದ ಹಾಗೆ ನಡುಕವೂ ನಿಧಾನವಾಗಿ ಇಳಿದರೆ ಕಾರಣ ತಿರುಗುವ ಭಾಗ. ಇದನ್ನು ದೂರ ನಿಂತೇ ಗಮನಿಸಬಹುದು.

ಎಷ್ಟಿದ್ದರೆ ಚಿಂತೆ ಮಾಡಬೇಕು?

ಇದಕ್ಕೆ ಅಂದಾಜಿನ ಬದಲು ಅಂಕಿ ಕೊಡಬೇಕೆಂದು ಹೊರಟವರಲ್ಲಿ ಮೊದಲಿಗರು ಅಮೆರಿಕದ ಎಂಜಿನಿಯರ್ ಟಿ. ಸಿ. ರಾತ್‌ಬೋನ್. 1939ರಲ್ಲಿ ಅವರು ಯಂತ್ರಗಳ ನಡುಕಕ್ಕೆ 'ತುಂಬಾ ಚೆನ್ನಾಗಿದೆ'ಯಿಂದ 'ಅಪಾಯ'ದವರೆಗಿನ ಒಂದು ನಕ್ಷೆ ಪ್ರಕಟಿಸಿದರು. ಅಂಥ ನಕ್ಷೆಗಳೇ ಬೆಳೆದು ಇಂದಿನ ಅಂತರರಾಷ್ಟ್ರೀಯ ಮಾನದಂಡಗಳಾಗಿವೆ. ಐಎಸ್‌ಒ 10816 ಎಂಬುದು ಬಹಳ ಕಾಲ ಬಳಕೆಯಲ್ಲಿತ್ತು. ಈಗ ಐಎಸ್‌ಒ 20816 ಸರಣಿ ಅದರ ಜಾಗಕ್ಕೆ ಬಂದಿದೆ.

ನಡುಕವನ್ನು ಹೆಚ್ಚಾಗಿ ವೇಗದಲ್ಲಿ ಅಳೆಯುತ್ತಾರೆ: ಸೆಕೆಂಡಿಗೆ ಎಷ್ಟು ಮಿಲಿಮೀಟರ್ ಎಂದು. ಐಎಸ್‌ಒ 10816ರ ಪ್ರಕಾರ 15 ಕಿಲೋವ್ಯಾಟ್, ಅಂದರೆ ಸುಮಾರು 20 ಎಚ್‌ಪಿವರೆಗಿನ ಚಿಕ್ಕ ಮೋಟರ್‌ಗಳಿಗೆ ಅಂಕಿಗಳು ಹೀಗಿದ್ದವು: 0.71ರವರೆಗೆ ಹೊಸ ಮೆಷಿನ್‌ನ ಹಾಗೆ ಚೆನ್ನಾಗಿದೆ. 1.8ರವರೆಗೆ ನಿಶ್ಚಿಂತೆಯಿಂದ ಓಡಿಸಬಹುದು. 1.8ರಿಂದ 4.5ರ ನಡುವೆ ಇದ್ದರೆ ಬಹುಕಾಲ ಹಾಗೇ ಬಿಡಬಾರದು, ರಿಪೇರಿಗೆ ದಿನ ನೋಡಬೇಕು. 4.5 ದಾಟಿದರೆ ಮೆಷಿನ್‌ಗೆ ಹಾನಿಯಾಗುವ ಮಟ್ಟ. ದೊಡ್ಡ ಮೆಷಿನ್‌ಗಳಿಗೆ, ಗಟ್ಟಿ ಪಾಯದ ಮೇಲೆ ಇದ್ದರೆ, ಇವೇ ಗಡಿಗಳು 1.8, 4.5 ಮತ್ತು 11.2.

ಈ 4.5 ಎಂದರೆ ಎಷ್ಟು ಅಲುಗಾಟ ಗೊತ್ತೇ? 1440 ಆರ್‌ಪಿಎಂ ಮೋಟರ್‌ನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 0.085 ಮಿಲಿಮೀಟರ್. ತಲೆಗೂದಲಿನ ದಪ್ಪ ಹೆಚ್ಚು ಕಡಿಮೆ ಇಷ್ಟೇ. ಕಣ್ಣಿಗೆ ಕಾಣುವ ಅಲುಗಾಟವಲ್ಲ. ಆದರೂ ಚಿಕ್ಕ ಮೋಟರ್‌ಗೆ ಅದು ಅಪಾಯದ ಗಡಿ. "ಕಣ್ಣಿಗೆ ಏನೂ ಕಾಣಿಸ್ತಿಲ್ಲ, ಚೆನ್ನಾಗೇ ಓಡ್ತಿದೆ" ಎಂಬ ಮಾತು ಏಕೆ ಸಾಲದು ಎನ್ನುವುದಕ್ಕೆ ಇದೇ ಉತ್ತರ.

ಆದರೆ ಗಡಿಯ ಅಂಕಿಗಿಂತಲೂ ಮುಖ್ಯವಾದದ್ದು ಬದಲಾವಣೆ. ಬಿಪಿ, ಶುಗರ್ ನೋಡುವವರಿಗೆ ಇದು ಗೊತ್ತು. ಒಂದು ದಿನದ ಅಂಕಿ ನೋಡಿ ಡಾಕ್ಟರ್ ತೀರ್ಮಾನಿಸುವುದಿಲ್ಲ, ಹಳೆಯ ರಿಪೋರ್ಟ್‌ಗಳನ್ನೂ ಕೇಳುತ್ತಾರೆ. ವರ್ಷವಿಡೀ 0.8 ಇದ್ದ ಮೋಟರ್ ಒಂದು ತಿಂಗಳಲ್ಲಿ 1.6 ಆದರೆ ಅದು ಇನ್ನೂ 'ಗಡಿಯ ಒಳಗೆ' ಇದೆ ನಿಜ. ಆದರೆ ಎರಡರಷ್ಟಾಗಿದೆ. ಅಲ್ಲಿ ಏನೋ ಶುರುವಾಗಿದೆ. ಅದಕ್ಕೇ ಪ್ರತಿ ಸಲವೂ ಅದೇ ಜಾಗದಲ್ಲಿ, ಅದೇ ವೇಗ ಮತ್ತು ಅದೇ ಲೋಡ್ ಇದ್ದಾಗ ಅಳೆಯಬೇಕು, ಬರೆದಿಡಬೇಕು. ಒಂದೇ ದಿನದ ನಾಣ್ಯದ ವಿಡಿಯೋದಲ್ಲಿ ಇಲ್ಲದಿರುವುದು ಇದೇ.

"ಆರು ತಿಂಗಳಿಗೊಮ್ಮೆ ಬದಲಿಸಿಬಿಟ್ಟರೆ ಸಾಕು" ಎಂಬ ನಂಬಿಕೆ

ಇನ್ನೊಂದು ನಂಬಿಕೆ ಇದೆ: ಕ್ಯಾಲೆಂಡರ್ ನೋಡಿಕೊಂಡು ಭಾಗಗಳನ್ನು ಬದಲಿಸುತ್ತಿದ್ದರೆ ಮೆಷಿನ್ ಕೆಡುವುದೇ ಇಲ್ಲ ಎಂದು. ಕೇಳಲು ಸರಿ ಎನಿಸುತ್ತದೆ. ಆದರೆ 1978ರಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ನೋಲನ್ ಮತ್ತು ಹೀಪ್ ಬರೆದ ಪ್ರಸಿದ್ಧ ವರದಿ ಬೇರೆಯದನ್ನೇ ಹೇಳಿತು. ಅವರು ನೋಡಿದ ವಿಮಾನದ ಭಾಗಗಳಲ್ಲಿ ಶೇ. 89ರಷ್ಟಕ್ಕೆ ನಿಗದಿತ ವಯಸ್ಸಾಯಿತೆಂದು ಬದಲಿಸುವುದರಿಂದ ಪ್ರಯೋಜನವೇ ಇರಲಿಲ್ಲ. ಅವುಗಳ ಕೆಡುವಿಕೆಗೂ ವಯಸ್ಸಿಗೂ ನೇರ ನಂಟು ಕಾಣಲಿಲ್ಲ. ಕೆಲವಂತೂ ಹೊಸದಾಗಿ ಹಾಕಿದ ಆರಂಭದಲ್ಲೇ ಹೆಚ್ಚು ಕೆಡುತ್ತಿದ್ದವು. ಅಂದರೆ ಚೆನ್ನಾಗಿದ್ದ ಭಾಗವನ್ನು ಬಿಚ್ಚಿ ಹೊಸದು ಹಾಕಿದಾಗ ಕೆಲವೊಮ್ಮೆ ಹೊಸ ತೊಂದರೆಯನ್ನೇ ಒಳಗೆ ಬಿಟ್ಟುಕೊಂಡ ಹಾಗೆ.

ಇದು ವಿಮಾನದ ಭಾಗಗಳ ಲೆಕ್ಕ. ನಿಮ್ಮ ಗಿರಣಿಗೆ ಅದೇ ಶೇಕಡಾವಾರು ಅನ್ವಯಿಸುತ್ತದೆ ಎಂದಲ್ಲ. ಬೆಲ್ಟ್, ಫಿಲ್ಟರ್, ಎಣ್ಣೆಯಂಥವು ದಿನ ಕಳೆದಂತೆ ಸವೆಯುವುದು ನಿಜ. ಅವನ್ನು ಸಮಯಕ್ಕೆ ಬದಲಿಸಲೇಬೇಕು. ಆದರೆ ಬೇರಿಂಗ್‌ನಂಥವಕ್ಕೆ ದಿನಾಂಕಕ್ಕಿಂತ ಸ್ಥಿತಿಯನ್ನು ನೋಡುವುದು ಜಾಣತನ.

ಗ್ರೀಸ್ ವಿಷಯವೂ ಹೀಗೆಯೇ. "ಗ್ರೀಸ್ ಹೆಚ್ಚು ತುಂಬಿದಷ್ಟೂ ಒಳ್ಳೆಯದು" ಎಂಬುದು ತಪ್ಪು. ಸಾಮಾನ್ಯವಾಗಿ ಬೇರಿಂಗ್‌ನ ಖಾಲಿ ಜಾಗದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ತುಂಬಿದರೆ ಸಾಕು. ತುಂಬಾ ತುರುಕಿದರೆ ಗುಂಡುಗಳು ಅದನ್ನು ಕಡೆಯುತ್ತಾ ಬಿಸಿಯಾಗುತ್ತವೆ, ಗ್ರೀಸ್ ಹಾಳಾಗುತ್ತದೆ.

ಸೈಬೀರಿಯಾದ ಆ ಬೆಳಗ್ಗೆ

ನಡುಕವನ್ನು ಲಘುವಾಗಿ ತೆಗೆದುಕೊಂಡರೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಒಂದು ನಿಜ ಘಟನೆ ಇದೆ.

ರಷ್ಯಾದ ಸೈಬೀರಿಯಾದಲ್ಲಿ ಯೆನಿಸೇಯ್ ನದಿಗೆ ಕಟ್ಟಿದ ಸಯಾನೋ-ಶುಶೆನ್‌ಸ್ಕಾಯಾ ಜಲವಿದ್ಯುತ್ ಕೇಂದ್ರ ಆ ದೇಶದಲ್ಲೇ ಅತಿ ದೊಡ್ಡದು. ತಲಾ 640 ಮೆಗಾವ್ಯಾಟ್‌ನ 10 ಘಟಕಗಳು. 2009ರ ಆಗಸ್ಟ್ 17ರ ಬೆಳಗ್ಗೆ 8:13ಕ್ಕೆ ಎರಡನೇ ಘಟಕದ ಟರ್ಬೈನ್ ಮುಚ್ಚಳ ಕಿತ್ತುಹೋಯಿತು. 200 ಮೀಟರಿಗೂ ಎತ್ತರದ ನೀರಿನ ಒತ್ತಡಕ್ಕೆ ನೂರಾರು ಟನ್ ತೂಕದ ಯಂತ್ರ ಮೇಲಕ್ಕೆ ಚಿಮ್ಮಿತು. ಯಂತ್ರಗಳ ಹಾಲ್‌ಗೆ ನೀರು ನುಗ್ಗಿತು. 75 ಜನ ಸತ್ತರು.

ತನಿಖೆಯಲ್ಲಿ ಏನು ಸಿಕ್ಕಿತು? ಮುಚ್ಚಳವನ್ನು ಬಿಗಿದು ಹಿಡಿದಿದ್ದ ದಪ್ಪ ಬೋಲ್ಟ್‌ಗಳಲ್ಲಿ ಪರೀಕ್ಷಿಸಿದ್ದು 49. ಅವುಗಳಲ್ಲಿ 41ರಲ್ಲಿ ಲೋಹದ ದಣಿವಿನ ಬಿರುಕುಗಳು ಇದ್ದವು. ಒಂದು ತಂತಿಯನ್ನು ಒಮ್ಮೆ ಬಗ್ಗಿಸಿದರೆ ಮುರಿಯುವುದಿಲ್ಲ, ಹತ್ತಾರು ಸಲ ಅತ್ತಿತ್ತ ಬಗ್ಗಿಸಿದರೆ ಮುರಿಯುತ್ತದಲ್ಲ, ಅದೇ ದಣಿವು. ನಡುಕ ಬೋಲ್ಟ್‌ಗೆ ಅದನ್ನೇ ಲಕ್ಷಾಂತರ ಸಲ ಮಾಡುತ್ತದೆ. ಬಿರುಕು ಒಳಗೊಳಗೇ ಬೆಳೆಯುತ್ತದೆ. ಹೊರಗಿನಿಂದ ಬೋಲ್ಟ್ ಗಟ್ಟಿಯಾಗಿಯೇ ಕಾಣುತ್ತದೆ.

ಗಮನಿಸಿ, ಆ ಘಟಕಕ್ಕೆ ಅದೇ ವರ್ಷದ ಆರಂಭದಲ್ಲಿ ನಿಗದಿತ ರಿಪೇರಿ ಆಗಿತ್ತು. ಹೊಸ ಕಂಪನ ಮಾಪನ ವ್ಯವಸ್ಥೆಯನ್ನೂ ಅಳವಡಿಸಿದ್ದರು. ಆದರೆ ಅಧಿಕೃತ ತನಿಖಾ ವರದಿಯ ಪ್ರಕಾರ ಅದು ಬಳಕೆಗೆ ಬಂದಿರಲಿಲ್ಲ, ಸಿಬ್ಬಂದಿ ಅದರ ಅಂಕಿಗಳನ್ನು ಪರಿಗಣಿಸುತ್ತಿರಲಿಲ್ಲ. ಜೊತೆಗೆ ಆ ಘಟಕವನ್ನು ನಡುಕ ಹೆಚ್ಚಾಗುವ, 'ಇಲ್ಲಿ ಓಡಿಸಬೇಡಿ' ಎಂದು ಗುರುತಿಸಿದ್ದ ಉತ್ಪಾದನಾ ಮಟ್ಟವನ್ನು ಹಲವು ಬಾರಿ ಹಾದುಹೋಗುವಂತೆ ಓಡಿಸಲಾಗಿತ್ತು.

ಅದೇ ವರದಿ ಒಂದು ಬೇರಿಂಗ್‌ನ ನಡುಕ 160 ಮೈಕ್ರಾನ್ ಮಿತಿಯನ್ನು ದಾಟಿ 840ಕ್ಕೆ ಏರಿತ್ತು ಎಂದಿತು. ಆ ಒಂದು ಸೆನ್ಸರ್‌ನ ಅಂಕಿಯ ಬಗ್ಗೆ ಆಮೇಲೆ ತಜ್ಞರಲ್ಲೇ ಭಿನ್ನಾಭಿಪ್ರಾಯ ಬಂತು. ಸೆನ್ಸರ್ರೇ ಸರಿಯಿರಲಿಲ್ಲ ಎಂದವರಿದ್ದಾರೆ. ಇದನ್ನು ಏಕೆ ಹೇಳುತ್ತಿದ್ದೇವೆ ಎಂದರೆ, ಪಾಠ ಎರಡೂ ಕಡೆಯಿಂದ ಒಂದೇ. ಅಂಕಿ ನಿಜವಾಗಿದ್ದರೆ ಮೆಷಿನ್ ನಿಲ್ಲಿಸಬೇಕಿತ್ತು. ಅಂಕಿ ಸುಳ್ಳಾಗಿದ್ದರೆ ಸೆನ್ಸರ್ ಸರಿಪಡಿಸಬೇಕಿತ್ತು. ಗೋಡೆಗೆ ಮೀಟರ್ ಹಾಕಿದರೆ ಸುರಕ್ಷತೆ ಬರುವುದಿಲ್ಲ. ಅದನ್ನು ನೋಡುವವರು ಬೇಕು, ನಿಲ್ಲಿಸುವ ಅಧಿಕಾರ ಅವರಿಗೆ ಇರಬೇಕು.

'ಓಡಿಸಬಾರದ ಮಟ್ಟ' ಎಂದರೇನು ಎಂದು ಕೇಳಬಹುದು. ಪಂಚಮಿ ಹಬ್ಬದ ಜೋಕಾಲಿ ನೆನಪಿಸಿಕೊಳ್ಳಿ. ಸರಿಯಾದ ಲಯದಲ್ಲಿ ಬೆರಳಲ್ಲಿ ತಳ್ಳಿದರೂ ಜೋಕಾಲಿ ಮೇಲೆ ಮೇಲೆ ಹೋಗುತ್ತದೆ. ಪ್ರತಿ ಮೆಷಿನ್‌ಗೂ, ಅದರ ಪಾಯಕ್ಕೂ ತನ್ನದೇ ಲಯ ಇರುತ್ತದೆ. ಹೊಡೆತದ ಲಯ ಅದಕ್ಕೆ ಕೂಡಿಬಂದರೆ ಚಿಕ್ಕ ಹೊಡೆತವೇ ದೊಡ್ಡ ನಡುಕವಾಗುತ್ತದೆ. ಇದನ್ನು ಅನುರಣನ ಎನ್ನುತ್ತಾರೆ. ಆಗ ಬೋಲ್ಟ್ ಬಿಗಿ ಮಾಡಿದರಷ್ಟೇ ಸಾಲದು. ವೇಗ ಬದಲಿಸಬೇಕು ಅಥವಾ ಪಾಯವನ್ನು ಗಟ್ಟಿ ಮಾಡಬೇಕು.

ಫೋನ್‌ನ ಆ್ಯಪ್ ಸಾಕೇ?

ಈಗ ಎಲ್ಲರ ಕೈಯಲ್ಲಿರುವ ಉಪಕರಣದ ಮಾತು. ನಿಮ್ಮ ಫೋನ್ ಅಡ್ಡ ತಿರುಗಿಸಿದರೆ ಸ್ಕ್ರೀನ್ ತಿರುಗುತ್ತದಲ್ಲ, ಅದಕ್ಕೆ ಕಾರಣ ಒಳಗಿರುವ ಚಿಕ್ಕ ಚಲನೆಯ ಸೆನ್ಸರ್. ಕಾರ್ಖಾನೆಯ ಸೆನ್ಸರ್‌ಗೆ ಅದು ದೂರದ ನೆಂಟ. ಅದನ್ನು ಬಳಸಿ ನಡುಕ ತೋರಿಸುವ ಆ್ಯಪ್‌ಗಳು ಸಿಗುತ್ತವೆ.

ಆದರೆ ಫೋನ್ ಸಾಮಾನ್ಯವಾಗಿ ಸೆಕೆಂಡಿಗೆ 100ರಿಂದ 400 ಬಾರಿ ಮಾತ್ರ ಅಳೆಯುತ್ತದೆ. ಗಣಿತದ ಒಂದು ನಿಯಮದಂತೆ ಅದರ ಅರ್ಧದವರೆಗಿನ ನಡುಕ ಮಾತ್ರ ಸರಿಯಾಗಿ ಸಿಗುತ್ತದೆ. ಸೆಕೆಂಡಿಗೆ 200 ಬಾರಿ ಅಳೆದರೆ 100 ಹರ್ಟ್ಜ್‌ವರೆಗೆ ಮಾತ್ರ. ಕೆಡಲು ಶುರುವಾದ ಬೇರಿಂಗ್‌ನ ಝೇಂಕಾರ ಸಾವಿರಾರು ಹರ್ಟ್ಜ್‌ನಲ್ಲಿ ಇರುತ್ತದೆ. ಫೋನ್‌ಗೆ ಅದು ಕಾಣುವುದೇ ಇಲ್ಲ.

ಇನ್ನೂ ಕೆಟ್ಟದ್ದೇನೆಂದರೆ ಕೆಲವೊಮ್ಮೆ ಅದು ಸುಳ್ಳು ಹೇಳುತ್ತದೆ. ಸಿನಿಮಾದಲ್ಲಿ ಓಡುವ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದ ಹಾಗೆ ಕಾಣುವುದನ್ನು ನೋಡಿದ್ದೀರಲ್ಲ? ಅದೇ ಮೋಸ ಇಲ್ಲೂ ಆಗಬಹುದು. ಸೆಕೆಂಡಿಗೆ 200 ಬಾರಿ ಅಳೆಯುವ ಫೋನ್‌ಗೆ 180 ಹರ್ಟ್ಜ್‌ನ ನಡುಕ 20 ಹರ್ಟ್ಜ್ ಎಂದು ಕಾಣಬಹುದು. ಅದನ್ನು ನಂಬಿ ಬೇರೆಯದೇ ಭಾಗ ಬಿಚ್ಚಿದರೆ ದುಡ್ಡು ದಂಡ.

ಜೊತೆಗೆ ಫೋನ್‌ಗೂ ಅಪಾಯ. ಮೋಟರ್ ಸೈಕಲ್‌ನ ದೊಡ್ಡ ಎಂಜಿನ್‌ಗಳಂಥ ಜೋರು ನಡುಕಕ್ಕೆ ಬಹಳ ಹೊತ್ತು ಒಡ್ಡಿದರೆ ಐಫೋನ್ ಕ್ಯಾಮೆರಾದ ಗುಣಮಟ್ಟ ಕೆಡಬಹುದು ಎಂದು ಆಪಲ್ ಸಂಸ್ಥೆಯೇ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ. ಚಿತ್ರ ಅಲುಗದಂತೆ ಲೆನ್ಸನ್ನು ಹಿಡಿದಿಡುವ ಸೂಕ್ಷ್ಮ ವ್ಯವಸ್ಥೆಗೆ ಪೆಟ್ಟಾಗುತ್ತದೆ. ಬೈಕಿನ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸುವವರೂ ಇದನ್ನು ಗಮನದಲ್ಲಿಡಿ.

ಹಾಗಾದರೆ ಫೋನ್ ಪೂರ್ತಿ ವ್ಯರ್ಥವೇ? ಅಲ್ಲ. ವಾಷಿಂಗ್ ಮೆಷಿನ್ ಕುಣಿಯುವುದು ಕಾಲುಗಳನ್ನು ಸರಿ ಮಾಡಿದ ಮೇಲೆ ಕಡಿಮೆಯಾಯಿತೇ ಎಂದು ಹೋಲಿಸಲು ಫೋನ್ ಸಾಕು. ಅಂದಹಾಗೆ, ಬಟ್ಟೆ ಒಂದೇ ಕಡೆ ಮುದ್ದೆಯಾದರೆ ಇಂದಿನ ಹಲವು ವಾಷಿಂಗ್ ಮೆಷಿನ್‌ಗಳು ತಾವೇ ನಿಂತು ಬಟ್ಟೆ ಹರಡಿ ಮತ್ತೆ ತಿರುಗುತ್ತವೆ. ಅಸಮತೋಲನ ಗುರುತಿಸುವ ಇದೇ ವಿದ್ಯೆ ಮನೆಯೊಳಗೇ ಇದೆ.

ಕಂಪನ ಮಾಪನಕ್ಕೂ ಮಿತಿ ಇದೆ

ನಾಣ್ಯವನ್ನು ಟೀಕಿಸಿ ಸೆನ್ಸರನ್ನು ದೇವರು ಮಾಡುವುದೂ ಸರಿಯಲ್ಲ. ವೈಂಡಿಂಗ್‌ನ ನಿರೋಧಕ ಲೇಪ ಹಾಳಾಗಿ ಮೋಟರ್ ಸುಡುವುದನ್ನು ಕಂಪನ ಮೊದಲೇ ಹೇಳದಿರಬಹುದು. ಬಹಳ ನಿಧಾನ ತಿರುಗುವ ಯಂತ್ರಗಳಲ್ಲಿ ಸುಳಿವು ಹಿಡಿಯುವುದು ಕಷ್ಟ. ಸೆನ್ಸರನ್ನು ಕೈಯಲ್ಲಿ ಒತ್ತಿ ಹಿಡಿದರೆ ಒಂದು ಅಂಕಿ, ಬೋಲ್ಟ್ ಹಾಕಿ ಬಿಗಿದರೆ ಇನ್ನೊಂದು ಅಂಕಿ ಬರುತ್ತದೆ. ಅದಕ್ಕೇ ದೊಡ್ಡ ಕಾರ್ಖಾನೆಗಳಲ್ಲಿ ಕಂಪನದ ಜೊತೆಗೆ ಬಿಸಿ, ಎಣ್ಣೆಯಲ್ಲಿನ ಲೋಹದ ಪುಡಿ, ಮೋಟರ್ ಎಳೆಯುವ ಕರೆಂಟ್ ಎಲ್ಲವನ್ನೂ ನೋಡುತ್ತಾರೆ.

ನೀವು ಏನು ಮಾಡಬಹುದು?

ಚಿಕ್ಕ ಗಿರಣಿ, ವರ್ಕ್‌ಶಾಪ್ ಇರುವವರು ದುಬಾರಿ ಉಪಕರಣ ಕೊಳ್ಳಲೇಬೇಕೆಂದಿಲ್ಲ. ಒಂದು ನೋಟ್‌ಬುಕ್ ಇಡಿ. ಹೊಸ ಬೇರಿಂಗ್ ಹಾಕಿದ ದಿನ, ಸದ್ದು ಬದಲಾದ ದಿನ, ಎಳೆಯುವ ಆಂಪಿಯರ್ ಬರೆದಿಡಿ. ಫ್ಯಾನ್ ರೆಕ್ಕೆ, ಪುಲ್ಲಿಗಳ ಧೂಳನ್ನು ಮೆಷಿನ್ ನಿಲ್ಲಿಸಿ ತೆಗೆಯಿರಿ. ಪಾಯದ ಬೋಲ್ಟ್‌ಗಳನ್ನು ಆಗಾಗ ನೋಡಿ. ಒಂದೇ ಬೇರಿಂಗ್ ಪದೇ ಪದೇ ಹೋಗುತ್ತಿದ್ದರೆ ಮತ್ತೊಂದು ಬೇರಿಂಗ್ ತರುವ ಮೊದಲು "ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ನೋಡಿದ್ದೀರಾ?" ಎಂದು ಮೆಕ್ಯಾನಿಕ್‌ರನ್ನು ಕೇಳಿ. ನಿಂತರೆ ಇಡೀ ಕೆಲಸ ನಿಲ್ಲುವಂಥ ಮೆಷಿನ್ ಇದ್ದರೆ ಕಂಪನ ಅಳೆಯುವವರನ್ನು ಕರೆಸಿ ವರ್ಷಕ್ಕೆ ಕೆಲವು ಸಲವಾದರೂ ಅಳೆಸಿ, ಅಂಕಿಗಳ ಪ್ರತಿಯನ್ನು ಕೇಳಿ ಇಟ್ಟುಕೊಳ್ಳಿ.

ಮತ್ತು ದಯವಿಟ್ಟು ನೆನಪಿಡಿ: ಓಡುವ ಬೆಲ್ಟ್, ಶಾಫ್ಟ್, ಕಪ್ಲಿಂಗ್ ಹತ್ತಿರ ಕೈ, ಸೆರಗು, ದುಪಟ್ಟಾ, ಪಂಚೆ ಒಯ್ಯಬೇಡಿ. ವಿಡಿಯೋ ಮಾಡಲೆಂದು ಓಡುವ ಮೆಷಿನ್ ಮೇಲೆ ಬಾಗಿ ನಾಣ್ಯ ನಿಲ್ಲಿಸಲು ಹೋಗಬೇಡಿ. ನಾಣ್ಯ ಜಾರಿ ಫ್ಯಾನ್ ಒಳಗೆ ಬಿದ್ದರೂ ಅಪಾಯವೇ.

ನಮ್ಮ ತೀರ್ಪು

ಹೇಳಿದ್ದು: ಓಡುವ ಮೋಟರ್ ಮೇಲೆ ನಾಣ್ಯ ನಿಂತರೆ ಮೆಷಿನ್ ನೂರಕ್ಕೆ ನೂರು ಫಿಟ್, ಮೆಕ್ಯಾನಿಕ್ ಬೇಡ.

ಸತ್ಯ: ಅರ್ಧ ಸತ್ಯ. ನಾಣ್ಯ ನಿಂತರೆ ಜೋರು ಅಲುಗಾಟ ಇಲ್ಲ ಎಂದಷ್ಟೇ ಅರ್ಥ. ಆರಂಭದ ಬೇರಿಂಗ್ ದೋಷ, ಗೇರ್ ದೋಷ, ಬೋಲ್ಟ್ ಒಳಗಿನ ಬಿರುಕು ನಾಣ್ಯಕ್ಕೆ ತಿಳಿಯುವುದಿಲ್ಲ. ಮೆಷಿನ್‌ನ ಆರೋಗ್ಯ ತಿಳಿಯಬೇಕಾದರೆ ನಡುಕವನ್ನು ಒಂದೇ ಜಾಗದಲ್ಲಿ, ಮತ್ತೆ ಮತ್ತೆ ಅಳೆದು, ಹಳೆಯ ಅಂಕಿಯೊಂದಿಗೆ ಹೋಲಿಸಬೇಕು.

ನಾಣ್ಯದ ವಿಡಿಯೋ ಬಂದ ಗ್ರೂಪಿಗೆ ಈ ಬರಹವನ್ನೂ ಕಳಿಸಿ. ಅಲ್ಲಿ ಗಿರಣಿ ನಡೆಸುವವರೋ, ಕಾರ್ಖಾನೆಗೆ ಹೋಗುವವರೋ ಒಬ್ಬರಾದರೂ ಇರುತ್ತಾರೆ.